ಕ್ರಾಕೊ ಸುತ್ತಿ ನರಸಾಪುರಕ್ಕೆ

ಕೋಲಾರ ಕಡೆಯ ವೇಮಗಲ್‌ನ ಸಣ್ಣ ಶೆಡ್ಡಿನಿಂದ ಸರಕು ಪೇರಿಸುವ 200 ಮರದ ಪ್ಯಾಲೆಟ್ ನರಸಾಪುರದ ಕಾರ್ಖಾನೆ ಗೇಟು ಮುಟ್ಟಲು ಟೆಂಪೋಗೆ ಅರ್ಧ ಗಂಟೆ ಸಾಕು. ಬಿಲ್ಲಿಗೆ ಸಾಲದು. ಅದು ಪೋಲೆಂಡಿನ ಕ್ರಾಕೊಗೆ ಹೋಗಿ ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಹೋದವರನ್ನು ನೋಡಿ ನಕ್ಕ ಹಿರಿಯರಿಗೆ ಜಗತ್ತು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ, ಪಾಪ.

ಹಿಂದೆ ಅಕೌಂಟ್ಸಿನವರು ಸ್ಟೋರ್ಸಿಗೆ ನಡೆದುಹೋಗಿ, "ಎರಡು ಮುರಿದು ಬಂದ್ವಾ ಅಣ್ಣಾ?" ಅಂತ ಕೇಳಿ, ಆ ಎರಡರ ಹಣ ಬಿಲ್ಲಿನಿಂದ ಕಳೆಯಲು ಕ್ರೆಡಿಟ್ ನೋಟ್ ತರಿಸಿ, ಶುಕ್ರವಾರ ಚೆಕ್ಕು ಕೊಡುತ್ತಿದ್ದರು. ಒಟ್ಟು ಖರ್ಚು ಎರಡು ಟೀ. ಇದು ದುಬಾರಿ ಎಂದು ಸಲಹೆಗಾರರು ಕಂಡುಹಿಡಿದು, ಬಿಲ್ಲಿನ ಕೆಲಸವನ್ನು ಕ್ರಾಕೊದ ಕಚೇರಿಗೆ ಸಾಗಿಸಿದರು. ಅವರ ಫೀಸನ್ನು ಟೀ ಲೆಕ್ಕದಲ್ಲಿ ಹೇಳುವುದು ಕಷ್ಟ.

ಈಗ ಆರ್ಡರ್ 200, ಸ್ಟೋರ್ಸಿನ ಜಿಆರ್‌ಎನ್ (ಸರಕು ಬಂದದ್ದಕ್ಕೆ ಬರೆಯುವ ಚೀಟಿ) 198, ಬಿಲ್ಲು 200. ಮೂರೂ ತಾಳೆಯಾಗದೆ ಕಂಪ್ಯೂಟರ್ ಬಿಲ್ಲನ್ನು ಬ್ಲಾಕ್ ಮಾಡುತ್ತದೆ. ಕ್ರಾಕೊದ ಹುಡುಗಿ ಸ್ಟೋರ್ಸಿಗೆ ಫೋನ್ ಮಾಡುತ್ತಾಳೆ. ಅಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ ಮಧ್ಯಾಹ್ನ 12:30. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 1:30. ಮೊದಲ ಪಾಳಿ 2ಕ್ಕೆ ಮುಗಿಯುತ್ತದೆ. ಚಳಿಗಾಲದಲ್ಲಿ ಉಳಿಯುವ ಅರ್ಧ ಗಂಟೆ ಪಾಳಿ ಒಪ್ಪಿಸುವುದಕ್ಕೇ ಸರಿ, ಫೋನ್ ಎತ್ತುವವರು ಯಾರು? ಕೇಳಿದ್ದು ಸ್ಟೋರ್ಸನ್ನಾದರೂ, ಅವಳು ಟಿಕೆಟ್ಟಿಗೆ, ಅಂದರೆ ಕಂಪ್ಯೂಟರಿನ ದೂರು ಚೀಟಿಗೆ, 'ಸಪ್ಲೈಯರ್ ಉತ್ತರಕ್ಕೆ ಕಾಯಲಾಗುತ್ತಿದೆ' ಎಂದು ಹಾಕುತ್ತಾಳೆ. ಹಾಗೆ ಹಾಕಿದ ಕ್ಷಣ ವಿಳಂಬ ಎಣಿಸುವ ಗಡಿಯಾರ ನಿಂತುಬಿಡುತ್ತದೆ. ಮೂರು ದಿನ ಉತ್ತರ ಬರದಿದ್ದರೆ ಟಿಕೆಟ್ ತಾನಾಗಿಯೇ 'ಪರಿಹರಿಸಲಾಗಿದೆ' ಎಂದು ಮುಚ್ಚಿಕೊಳ್ಳುತ್ತದೆ. ತಿಂಗಳ ವರದಿ ಹಸಿರೋ ಹಸಿರು.

ಕಾನೂನಿನ ಗಡಿಯಾರ ಮಾತ್ರ ಮೊಂಡ, ನಿಲ್ಲುವುದಿಲ್ಲ. ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆ 2006ರದು: ಸರಕು ತಲುಪಿ 15 ದಿನದೊಳಗೆ ಬರಹದಲ್ಲಿ ತಕರಾರು ಎತ್ತದಿದ್ದರೆ ಒಪ್ಪಿಕೊಂಡಂತೆ, 45 ದಿನ ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಶೆಡ್ಡಿನವರು ಕೇಳಬಹುದು. ಕೇಳಿದ ಮೇಲೆ ಮುಂದಿನ ಆರ್ಡರ್ ಯಾರಿಗೆ ಹೋಗುತ್ತದೆಂದು ಕಾಯ್ದೆಯಲ್ಲಿ ಬರೆದಿಲ್ಲ.

ಅಂತೂ ಕಂಪನಿಗೆ ಜ್ಞಾನೋದಯವಾಗಿ, ಕೆಲಸವನ್ನು 'ತವರಿಗೆ' ಕರೆತರುವ ನಿರ್ಧಾರವಾಯಿತು. ಹಳೆಯ ಅಕೌಂಟ್ಸಿನವರನ್ನು ಕಳಿಸಿ ವರ್ಷಗಳಾಗಿದ್ದರಿಂದ, ನರಸಾಪುರದ ಸ್ಟೋರ್ಸ್ ಹೇಗೆ ನಡೆಯುತ್ತದೆಂದು ಕ್ರಾಕೊದವರೇ ಆರು ವಾರ ವಿಡಿಯೋದಲ್ಲಿ ಪಾಠ ಮಾಡಿದರು. ಮೊದಲ ಎರಡು ವಾರ ಅವರು ಮಾಡುವುದನ್ನು ನೋಡುವುದು, ಮುಂದಿನ ಎರಡು ವಾರ ನಾವು ಮಾಡುವುದನ್ನು ಅವರು ನೋಡುವುದು. ಉಳಿದೆರಡು ವಾರ ಸಹಿ, ಕೇಕು.

ತವರು ಎಂದರೆ ನರಸಾಪುರವಲ್ಲ, ವೈಟ್‌ಫೀಲ್ಡಿನ ಗಾಜಿನ ಕಟ್ಟಡ. ಬಂಗಾರಪೇಟೆಯ ಹುಡುಗ ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತು ಅಲ್ಲಿಗೆ ಹೋಗುತ್ತಾನೆ. ಪಕ್ಕದ ಮನೆಯ ಸ್ಟೋರ್ಸ್ ಕ್ಲರ್ಕು ಕಂಪನಿ ಬಸ್ಸಿನಲ್ಲಿ ನರಸಾಪುರಕ್ಕೆ. ಸಂಜೆ ಬೀದಿ ನಲ್ಲಿಯ ಹತ್ತಿರ ಇಬ್ಬರೂ ಸಿಗುತ್ತಾರೆ.

"ಅಣ್ಣಾ, ಆ ಎರಡು ಪ್ಯಾಲೆಟ್ ಮುರಿದಿದ್ವಾ?"

"ಹೂಂ ಕಣಪ್ಪಾ, ಮುರಿದಿದ್ವು. ಆದ್ರೆ ಇಲ್ಲಿ ಹೇಳಿದ್ರೆ ನಡೆಯಲ್ಲ, ಟಿಕೆಟ್ ಹಾಕು."