ನಾಲ್ಕು ತೂತಿನ ಆಪರೇಷನ್ ಅಂದರೆ ಸಣ್ಣ ಆಪರೇಷನ್ ಅಲ್ಲ

"ಬರೀ ನಾಲ್ಕು ತೂತು, ಅಷ್ಟೇ. ಇವತ್ತು ಹೋಗಿ ನಾಳೆ ಮನೆಗೆ ಬರ್ತೀಯ."

ಎರಡು ವರ್ಷದ ಹಿಂದೆ ಲ್ಯಾಪ್ರೋಸ್ಕೋಪಿ ಮಾಡಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ತೂರಿಸಿ, ನನ್ನ ಪಿತ್ತಕೋಶ ತೆಗೆಯುವ ಮೊದಲು ಎಲ್ಲರೂ ಹೇಳಿದ್ದು ಇದೇ ಮಾತು. ಅವರು ಸುಳ್ಳು ಹೇಳಲಿಲ್ಲ. ತೂತು ನಾಲ್ಕೇ ಇದ್ದವು. ಮಾರನೇ ದಿನ ಮಧ್ಯಾಹ್ನ ಮನೆಗೂ ಬಂದೆ. ಆದರೆ ಆ ರಾತ್ರಿ ಬಲ ಹೆಗಲಲ್ಲಿ ಶುರುವಾದ ನೋವಿನ ಬಗ್ಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ.

ಹೊಟ್ಟೆಗೆ ಆಪರೇಷನ್ ಆದರೆ ಹೆಗಲು ಯಾಕೆ ನೋಯಬೇಕು? ಎದ್ದು ಕೂತರೆ ನೋವು ಜಾಸ್ತಿ. ಜೋರಾಗಿ ಉಸಿರೆಳೆದರೆ ಚುಚ್ಚುತ್ತಿತ್ತು. ಹೃದಯಕ್ಕೇ ಏನೋ ಆಯಿತು ಅಂತ ಹೆದರಿ ಅಕ್ಕನನ್ನು ಎಬ್ಬಿಸಿದೆ. ರಾತ್ರಿ ಎರಡು ಗಂಟೆಗೆ ಇಬ್ಬರೂ ಮತ್ತೆ ಆಸ್ಪತ್ರೆಗೆ ಓಡಿದೆವು. ಇಸಿಜಿ ಮಾಡಿದರು, ಸರಿ ಇತ್ತು. "ಇದು ಗ್ಯಾಸ್ ನೋವಮ್ಮ, ತುಂಬಾ ಜನಕ್ಕೆ ಬರುತ್ತೆ" ಅಂದರು ಡ್ಯೂಟಿ ಡಾಕ್ಟರ್. ತುಂಬಾ ಜನಕ್ಕೆ ಬರುತ್ತೆ ಅಂತ ಗೊತ್ತಿದ್ದ ಮೇಲೆ ಮನೆಗೆ ಕಳಿಸುವಾಗಲೇ ಹೇಳಬಹುದಿತ್ತು ಅಲ್ವಾ? ಅರ್ಧ ನಿಮಿಷದ ಮಾತು ಅದು.

ಆಮೇಲೆ ಕೂತು ಓದಿದೆ, ಕೇಳಿ ತಿಳಿದುಕೊಂಡೆ. ಹೊಟ್ಟೆಯೊಳಗೆ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡೇ ಇರುತ್ತದೆ. ಸುಮ್ನೆ ಕ್ಯಾಮೆರಾ ತೂರಿಸಿದರೆ ಏನೂ ಕಾಣುವುದಿಲ್ಲ. ಅದಕ್ಕೇ ಮೊದಲು ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಬಿಪಿ ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ ಆ ಒತ್ತಡ ಸಾಮಾನ್ಯವಾಗಿ 12ರಿಂದ 15. ಈ ಗ್ಯಾಸೇ ಯಾಕೆ ಅಂದರೆ ಇದಕ್ಕೆ ಬೆಂಕಿ ಹತ್ತುವುದಿಲ್ಲ. ಒಳಗೆ ಕರೆಂಟಿನ ಉಪಕರಣದಿಂದ ಸುಟ್ಟು ರಕ್ತ ನಿಲ್ಲಿಸುವಾಗ ಅದು ಮುಖ್ಯ. ಜೊತೆಗೆ ರಕ್ತದಲ್ಲಿ ಬೇಗ ಕರಗಿ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಆಪರೇಷನ್ ಮುಗಿದ ಮೇಲೆ ಗ್ಯಾಸ್ ಹೊರಗೆ ಬಿಡುತ್ತಾರೆ, ಆದರೂ ಸ್ವಲ್ಪ ಒಳಗೇ ಉಳಿಯುತ್ತದೆ. ಹೊಟ್ಟೆಗೂ ಎದೆಗೂ ನಡುವೆ ವಪೆ ಅನ್ನುವ ಪರದೆ ಇದೆಯಲ್ಲ, ಆ ಗ್ಯಾಸ್ ಅದನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಹೆಗಲಿನ ನರಗಳೂ ಅಲ್ಲಿಂದಲೇ ಬರುತ್ತವೆ. ಹಾಗಾಗಿ ನೋವು ವಪೆಯದ್ದಾದರೂ ಮೆದುಳಿಗೆ ಅದು ಹೆಗಲಿನದು ಅಂತ ಅನಿಸುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಹೋಗುತ್ತದೆ. ಮನೆಯೊಳಗೇ ನಿಧಾನವಾಗಿ ಓಡಾಡುವುದು, ನೋವು ಜಾಸ್ತಿಯಾದಾಗ ಸಪಾಟಾಗಿ ಮಲಗುವುದು, ಕೊಟ್ಟ ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳುವುದು. ನನಗೆ ಅಷ್ಟೇ ಸಾಕಾಯಿತು. ಎದೆ ಬಿಗಿದರೆ, ಉಸಿರು ಕಟ್ಟಿದರೆ ಮಾತ್ರ "ಗ್ಯಾಸ್ ಇರಬೇಕು" ಅಂತ ಮನೆಯಲ್ಲಿ ಕೂರಬೇಡಿ. ಅವತ್ತು ರಾತ್ರಿ ಓಡಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ತಿಳಿಯದೆ ಹೆದರಿದ್ದಕ್ಕೆ ಬೇಸರ.

ಈ ವಿಧಾನದ ಮೇಲೆ ನನಗೆ ದೂರಿಲ್ಲ, ಗೌರವವೇ ಇದೆ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲ ಸಲ ಹೀಗೆ ಪಿತ್ತಕೋಶ ತೆಗೆದಾಗ ಅಲ್ಲಿನ ಸರ್ಜನ್‌ಗಳೇ ಅವರ ಮಾತನ್ನು ತಳ್ಳಿಹಾಕಿದ್ದರು. 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಮಾಡಿದರು, ಆಮೇಲೆ ಕೆಲವೇ ವರ್ಷದಲ್ಲಿ ಎಲ್ಲ ಕಡೆ ಹಬ್ಬಿತು. ಅದಕ್ಕೂ ಮೊದಲು ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು, ದಿನಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕಿತ್ತು. ಅಷ್ಟು ನೋವು ಉಳಿಸಿದವರಿಗೆ ಕೈ ಮುಗಿಯಬೇಕು.

ನನ್ನ ತಕರಾರು ಇರುವುದು "ಬರೀ" ಅನ್ನುವ ಪದದ ಮೇಲೆ. ಚಿಕ್ಕದಾಗಿದ್ದು ಬಾಗಿಲು, ಒಳಗಿನ ಕೆಲಸ ಅಲ್ಲ. ಅರ್ಧ ಸೆಂಟಿಮೀಟರಿನಿಂದ ಒಂದು, ಒಂದೂಕಾಲು ಸೆಂಟಿಮೀಟರಿನ ತೂತುಗಳೇ ಇರಬಹುದು. ಆದರೆ ಒಳಗೆ ಪಿತ್ತಕೋಶದ ನಾಳ ಮತ್ತು ರಕ್ತನಾಳ ಎರಡಕ್ಕೂ ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಅದು ಅಂಟಿಕೊಂಡಿರುವ ಲಿವರಿನಿಂದ ಬಿಡಿಸುತ್ತಾರೆ. ಹೊಟ್ಟೆ ತೆರೆದು ಮಾಡುವಾಗಲೂ ಮಾಡುವ ಕೆಲಸ ಇದೇ. ಅನಸ್ತೇಶಿಯಾನೂ ಪೂರ್ತಿಯದ್ದೇ. ಗಂಟಲೊಳಗೆ ಉಸಿರಾಟದ ಪೈಪ್ ಹಾಕಿರುತ್ತಾರೆ, ಅದಕ್ಕೇ ಒಂದೆರಡು ದಿನ ಗಂಟಲು ಕೆರೆಯುತ್ತದೆ. ಆಪರೇಷನ್ನಿಗೆ ಮೊದಲು ಊಟ ತಿಂಡಿಗೆ ಕನಿಷ್ಠ ಆರು ಗಂಟೆ, ನೀರಿಗೆ ಎರಡು ಗಂಟೆ ಬಿಡುವು ಕೊಡಬೇಕು ಅನ್ನುವುದು ಸಾಮಾನ್ಯ ನಿಯಮ. ಆಸ್ಪತ್ರೆಯವರು ಅದಕ್ಕಿಂತ ಜಾಸ್ತಿ ಹೇಳಿದರೆ ಅವರು ಹೇಳಿದ್ದೇ ಕೊನೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಮೊದಲೇ, ನೀವಾಗಿಯೇ ಹೇಳಿ. ಕೇಳಲಿ ಅಂತ ಕಾಯಬೇಡಿ.

ಇನ್ನೊಂದು ವಿಷಯ ನಮ್ಮ ಭಾವನದ್ದು. ಅವರಿಗೂ ಪಿತ್ತಕೋಶವೇ, ಆದರೆ ಸೋಂಕಾಗಿ ಊದಿಕೊಂಡಿತ್ತು. ಶುರು ಮಾಡಿದ್ದು ಲ್ಯಾಪ್ರೋಸ್ಕೋಪಿಯಲ್ಲೇ. ಒಳಗೆ ಎಲ್ಲವೂ ಅಂಟಿಕೊಂಡು, ಯಾವುದು ಯಾವ ನಾಳ ಅಂತ ಸ್ಪಷ್ಟವಾಗಿ ಕಾಣಲಿಲ್ಲವಂತೆ. ಸರ್ಜನ್ ಹೊಟ್ಟೆ ತೆರೆದು ಮುಗಿಸಿದರು. ಎಚ್ಚರವಾದಾಗ ಭಾವನ ಹೊಟ್ಟೆಯ ಮೇಲೆ ದೊಡ್ಡ ಬ್ಯಾಂಡೇಜ್. "ಅವರ ಕೈಲಿ ಆಗಲಿಲ್ಲ, ಕೊಯ್ದುಬಿಟ್ಟರು" ಅಂತ ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಪ್ಪಾಗಿ ಮುಖ್ಯ ಪಿತ್ತನಾಳಕ್ಕೇ ಪೆಟ್ಟು ಬಿದ್ದಿದ್ದರೆ ಅದನ್ನು ಸರಿಪಡಿಸುವುದು ಅದಕ್ಕಿಂತ ಎಷ್ಟೋ ದೊಡ್ಡ ಆಪರೇಷನ್. ಕಾಣದ ಕಡೆ ಕತ್ತರಿ ಹಾಕದೆ ನಿಲ್ಲಿಸಿದವರು ಒಳ್ಳೆಯ ಸರ್ಜನ್. ಬೇಕಾದರೆ ಹೊಟ್ಟೆ ತೆರೆಯಬಹುದು ಅಂತ ಸಹಿ ಮಾಡಿಸುವ ಕಾಗದದಲ್ಲಿ ಬರೆದಿತ್ತಂತೆ. ಆದರೆ ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಆ ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ ಭಾವನ ಮನಸ್ಸಿನಲ್ಲಿ ಈ ಕಹಿ ಉಳಿಯುತ್ತಿರಲಿಲ್ಲ.

ಮನೆಗೆ ಬಂದ ಮೇಲಿನ ದಿನಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊರಗೆ ನೋಡಿದರೆ ನಾಲ್ಕು ಪುಟ್ಟ ಪಟ್ಟಿ. ಮನೆಯವರಿಗೂ ನಮಗೂ "ಏನೂ ಆಗಿಲ್ಲ" ಅನಿಸಿಬಿಡುತ್ತದೆ. ನಾಲ್ಕನೇ ದಿನ ನಾನು ತುಂಬಿದ ಬಕೆಟ್ ಎತ್ತಲು ಹೋದೆ. ಅಕ್ಕ ಬಂದು ಕಿತ್ತುಕೊಂಡಳು. ಹೊಕ್ಕುಳ ಹತ್ತಿರದ ತೂತು ಉಳಿದವಕ್ಕಿಂತ ದೊಡ್ಡದು. ಒಳಪದರ ಗಟ್ಟಿಯಾಗುವ ಮೊದಲೇ ಭಾರ ಎತ್ತಿದರೆ ಅಲ್ಲೇ ಹರ್ನಿಯಾ, ಅಂದರೆ ಒಳಗಿನದು ಹೊರಗೆ ಉಬ್ಬಿಕೊಳ್ಳುವುದು, ಆಗುವ ಸಾಧ್ಯತೆ ಇದೆ. ಚರ್ಮ ಒಂದು ವಾರದಲ್ಲಿ ಕೂಡಿಕೊಂಡರೂ ಒಳಗಿನದಕ್ಕೆ ವಾರಗಟ್ಟಲೆ ಬೇಕು. ಎಷ್ಟು ವಾರ ಭಾರ ಎತ್ತಬಾರದು ಅಂತ ನಿಮ್ಮ ಸರ್ಜನ್ ಹತ್ತಿರವೇ ಕೇಳಿ, ಒಂದೊಂದು ಆಪರೇಷನ್ನಿಗೆ ಒಂದೊಂದು ಲೆಕ್ಕ. ಕೂತು ಮಾಡುವ ಕೆಲಸಕ್ಕೆ ಹೆಚ್ಚಿನವರು ಒಂದೆರಡು ವಾರದಲ್ಲಿ ಹೋಗುತ್ತಾರೆ. ನಾನು ಹತ್ತನೇ ದಿನಕ್ಕೆ ಹೋದೆ, ಮಧ್ಯಾಹ್ನದ ಹೊತ್ತಿಗೆ ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಆ ಸುಸ್ತು ನಿಜವಾದದ್ದು. ಅದಕ್ಕೆ ಯಾರ ಹತ್ತಿರವೂ ಸಂಕೋಚ ಪಡಬೇಕಿಲ್ಲ. ಹೊಕ್ಕುಳ ಸುತ್ತ ನೀಲಿಗಟ್ಟುವುದು, ಹೊಟ್ಟೆ ಉಬ್ಬರ, ಎರಡು ಮೂರು ದಿನ ಮಲವಿಸರ್ಜನೆ ಆಗದಿರುವುದು, ಇವೂ ಬರುತ್ತವೆ, ಹೋಗುತ್ತವೆ. ಪಿತ್ತಕೋಶ ತೆಗೆದ ಕೆಲವರಿಗೆ ಸ್ವಲ್ಪ ದಿನ ಭೇದಿಯೂ ಆಗಬಹುದು.

ಹಾಗಾದರೆ ಯಾವಾಗ ಹೆದರಬೇಕು? ನನಗೆ ಡಿಸ್ಚಾರ್ಜ್ ದಿನ ಯಾರಾದರೂ ಇದೊಂದನ್ನು ಹೇಳಬೇಕಿತ್ತು: ಹೊಟ್ಟೆ ನೋವು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಾ ಹೋಗಬೇಕು. ಮೊದಲ ದಿನಕ್ಕಿಂತ ಮೂರನೇ ದಿನ ಜಾಸ್ತಿ ಆದರೆ ಅದು ಸರಿಯಲ್ಲ. ಕರುಳಿಗೆ ಪೆಟ್ಟಾಗಿದ್ದರೆ, ಪಿತ್ತರಸ ಸೋರುತ್ತಿದ್ದರೆ ಎಷ್ಟೋ ಸಲ ಆಪರೇಷನ್ ಟೇಬಲ್ ಮೇಲೆ ಗೊತ್ತಾಗುವುದಿಲ್ಲ. ಮನೆಗೆ ಬಂದು ಕೆಲವು ದಿನವಾದ ಮೇಲೆ ಗೊತ್ತಾಗುತ್ತದೆ. ಇವು ಅಪರೂಪ. ಆದರೆ ತಡ ಮಾಡಿದರೆ ಪ್ರಾಣಕ್ಕೇ ಬರುತ್ತದೆ. ಜ್ವರ, ನಿಲ್ಲದ ವಾಂತಿ, ಹೊಟ್ಟೆ ಗಟ್ಟಿಯಾಗುವುದು, ಕಣ್ಣು ಹಳದಿಯಾಗುವುದು, ಮೂತ್ರ ಕಟ್ಟುವುದು, ಗಾಯದಲ್ಲಿ ಕೀವು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಇದರಲ್ಲಿ ಯಾವುದು ಕಂಡರೂ ಚೆಕಪ್ ದಿನಕ್ಕೆ ಕಾಯಬೇಡಿ, ಅವತ್ತೇ ಹೋಗಿ. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ ನಂಬರ್ ಬರೆದುಕೊಳ್ಳಿ.

ಡಾಕ್ಟರ್‌ಗಳಿಗೆ ಸಮಯ ಇರುವುದಿಲ್ಲ, ನನಗೂ ಗೊತ್ತು. ನರ್ಸ್ ಹೇಳಲಿ, ಒಂದು ಹಾಳೆಯಲ್ಲಿ ಅಚ್ಚ ಕನ್ನಡದಲ್ಲಿ ಬರೆದು ಕೊಡಲಿ. ಹೇಳಿದರೆ ರೋಗಿ ಹೆದರುತ್ತಾರೆ ಅನ್ನುವುದು ತಪ್ಪು. ನಾನು ಹೆದರಿದ್ದು ಹೇಳದೇ ಇದ್ದದ್ದಕ್ಕೆ.

ಹೋದ ವಾರ ಅತ್ತಿಗೆಗೆ ಅಂಡಾಶಯದ ಸಿಸ್ಟ್ ತೆಗೆದರು, ಲ್ಯಾಪ್ರೋಸ್ಕೋಪಿಯಲ್ಲೇ. ಹಿಂದಿನ ದಿನ ಅವರ ಪಕ್ಕ ಕೂತು ಇಷ್ಟನ್ನೂ ಹೇಳಿದ್ದೆ. ಮನೆಗೆ ಬಂದ ರಾತ್ರಿ ಹನ್ನೊಂದೂವರೆಗೆ ಅವರ ಫೋನ್ ಬಂತು. ನನಗೆ ಎದೆ ಧಸಕ್ ಅಂತು.

"ನೀನು ಹೇಳಿದ್ದ ಹೆಗಲು ನೋವು ಶುರುವಾಯ್ತು ಕಣೇ" ಅಂದರು. "ಉಸಿರಾಟ ಚೆನ್ನಾಗಿದೆ, ಎದೆ ಏನೂ ಬಿಗಿದಿಲ್ಲ. ಹಾಲ್‌ನಲ್ಲಿ ನಾಲ್ಕು ಸುತ್ತು ಹಾಕಿ ಮಾತ್ರೆ ತಗೊಂಡೆ. ಈಗ ಮಲಗ್ತೀನಿ, ನೀನೂ ಮಲಗು."