ಗುಡಿಸದ ಮೂಲೆಯ ನೆಂಟರು

ದೀಪಾವಳಿ ಕಳೆದು, ಮಳೆ ಇನ್ನು ಸಾಕು ಮಾಡಿತು ಅನ್ನಿಸುವಾಗ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಮನೆಗಳಲ್ಲಿ ಅಂಗಳ ಮಾಡುವ ಗಡಿಬಿಡಿ. ಮಳೆಗಾಲವಿಡೀ ಬೆಳೆದ ಹುಲ್ಲು, ಪಾಚಿ ಕೆತ್ತಬೇಕು, ಮಣ್ಣು ಹಾಕಿ ಬಡಿಯಬೇಕು, ಸೆಗಣಿ ಸಾರಿಸಬೇಕು. ಮತ್ತೆ ಅಡಿಕೆ ಹರಡಿದರೆ ಚಾಲಿಯಾಗಲು ಸುಮಾರು 40 ದಿನದ ಬಿಸಿಲು. ಅಷ್ಟು ದಿನ ಒಂದು ತರಗೆಲೆ ಬಿದ್ದರೂ ಹಿಡಿಸೂಡಿ ಓಡಿ ಬರುತ್ತದೆ. ಸರಿಯಾಗಿ ಇದೇ ಹೊತ್ತಿಗೆ ಹಿಮಾಲಯದ ತಪ್ಪಲಿನಿಂದ, ಕೆಲವರು ಅದರಾಚೆಯಿಂದಲೂ, ನಮ್ಮ ಹಿತ್ತಿಲಿಗೆ ನೆಂಟರು, ಅಂದರೆ ವಲಸೆ ಹಕ್ಕಿಗಳು, ಬಂದಿಳಿಯುತ್ತಾರೆ. ಅವರು ಉಣ್ಣುವುದು ನಾವು ಗುಡಿಸಿ ಎಸೆದದ್ದನ್ನು.

ಹಿಮ ಬೀಳುವ ದೇಶಗಳಲ್ಲಿ ಈ ಸತ್ಕಾರದ ಕ್ರಮವೇ ಬೇರೆ. ಅಮೆರಿಕದ ಹಿತ್ತಿಲುಗಳಲ್ಲಿ ಸೂರ್ಯಕಾಂತಿ ಬೀಜ, ದನದ ಕೊಬ್ಬಿನ ಮುದ್ದೆ, ಜತೆಗೆ ‘ನೈಜರ್’ ಎಂಬ ಸಣ್ಣ ಕರಿಕಾಳನ್ನು ಚಳಿಗಾಲವಿಡೀ ತೂಗುಹಾಕುತ್ತಾರೆ. ಈ ನೈಜರ್ ಬೇರೆ ಏನೂ ಅಲ್ಲ, ನಮ್ಮ ಹುಚ್ಚೆಳ್ಳು. ಭಾರತದಿಂದ, ಇಥಿಯೋಪಿಯಾದಿಂದ ಹಡಗು ಹತ್ತಿ ಹೋಗುತ್ತದೆ. ಅದರೊಟ್ಟಿಗೆ ಕಳೆಬೀಜ ಸೇರಿ ಮೊಳೆಯಬಾರದೆಂದು ಬಿಸಿ ಮಾಡಿದ ಮೇಲೆಯೇ ಅಲ್ಲಿನ ಅಂಗಡಿಗೆ ಪ್ರವೇಶ. ಕಾಳಿಟ್ಟ ಬಟ್ಟಲಿಗೆ ಬರುವ ಗೋಲ್ಡ್‌ಫಿಂಚಿನಂಥವು ದಪ್ಪ ಕೊಕ್ಕಿನ, ಬೀಜ ಒಡೆಯುವ ಜಾತಿಗಳು. ಕೆನಡಾದ ಸೂಚಿಪರ್ಣಿ ಕಾಡುಗಳಲ್ಲಿ ಬೀಜದ ಫಸಲು ಕೈಕೊಟ್ಟ ವರ್ಷ ಇನ್ನೂ ಅಪರೂಪದವು ತೆಂಕಣಕ್ಕೆ ನುಗ್ಗಿ ಬರುತ್ತವೆ, ಬಟ್ಟಲಿಟ್ಟವರಿಗೆ ಆ ವರ್ಷ ಹಬ್ಬ.

ಇದನ್ನು ನೋಡಿ ಕಾಸರಗೋಡಿನಲ್ಲಿ ನುಚ್ಚಕ್ಕಿ ತುಂಬಿದ ಬಟ್ಟಲನ್ನು ಪೇರಳೆ ಗೆಲ್ಲಿಗೆ ಕಟ್ಟಿದರೆ ಏನಾಗುತ್ತದೆ? ಮೊದಲ ದಿನ ಕಾಗೆ. ಮರುದಿನ ಅಳಿಲು. ವಾರದೊಳಗೆ ನಾಲ್ಕು ರಾಟವಾಳ, ಎರಡು ಚೋರೆ ಹಕ್ಕಿ. ಕೆಳಗೆ ಉದುರಿದ ನುಚ್ಚಿಗೆ ರಾತ್ರಿ ಇಲಿ, ಇಲಿಯ ಹಿಂದೆ ಕೇರೆ ಹಾವು. ಉಳಿದ ಕುಚ್ಚಲಕ್ಕಿ ಅನ್ನ ಹಾಕಿದರೆ ಕಾಗೆ ಒಂದೇ, ಮಿಕ್ಸ್ಚರು ಹಾಕಿದರೆ ಉಪ್ಪು ಎಣ್ಣೆಯ ಪಾಪ ಬೇರೆ. ದೂರದಿಂದ ಬಂದ ನೆಂಟ ಮಾತ್ರ ಆ ಕಡೆ ತಿರುಗಿಯೂ ನೋಡುವುದಿಲ್ಲ. ತೆಳ್ಳಗಿನ, ಚಿಮಟದಂಥ ಕೊಕ್ಕಿನವನಿಗೆ ಅಕ್ಕಿಯಿಟ್ಟು ಪ್ರಯೋಜನವಿಲ್ಲ. ಉತ್ತರದಲ್ಲಿ ಚಳಿಗೆ ಹುಳಹುಪ್ಪಟೆ ಕಾಣೆಯಾದದ್ದರಿಂದಲೇ ಅವನು ಸಾವಿರಾರು ಕಿಲೋಮೀಟರ್ ಹಾರಿ ಬಂದದ್ದು.

ಹಾಗಾದರೆ ಬರುವವರು ಯಾರು? ಎಲ್ಲರಿಗಿಂತ ಅಂದದವನು ನವರಂಗ. ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಕಣ್ಣಿಗೆ ಎಳೆದ ಕಪ್ಪು ಪಟ್ಟಿ, ಮೋಟು ಬಾಲದ ಕೆಳಗೆ ಕುಂಕುಮ. ಇಷ್ಟು ಬಣ್ಣವಿದ್ದೂ ತರಗೆಲೆಯ ನಡುವೆ ನಿಂತರೆ ಕಾಣುವುದಿಲ್ಲ. ಬೆಳಕು ಹರಿಯುವಾಗ, ಮತ್ತೆ ಮುಸ್ಸಂಜೆಗೆ ಎರಡೇ ಸ್ವರದ ಶಿಳ್ಳೆ ಹಾಕುತ್ತಾನೆ. ತಮಿಳರು ‘ಆರುಮಣಿ ಕುರುವಿ’ ಎಂದು ಅವನನ್ನು ಗಡಿಯಾರಕ್ಕೇ ಕಟ್ಟಿದ್ದಾರೆ, ಮಲಯಾಳಿಗಳಿಗೆ ಅವನು ‘ಕಾವಿ’. ಪಕ್ಷಿಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ನವರಂಗ ಹಾಡುಹಕ್ಕಿಯೇ ಅಲ್ಲ, ಅವನ ಗಂಟಲಿನ ಸ್ನಾಯುಗಳು ಆ ಗುಂಪಿನವಲ್ಲ. ಆದರೂ ಹಿತ್ತಿಲಲ್ಲಿ ಚಳಿಗಾಲವಿಡೀ ಬಾಯಿ ತೆರೆಯುವವರಲ್ಲಿ ಅವನೇ ಮುಂದು. ಅಪ್ಪಟ ಹಾಡುಗಾರರು ಇಲ್ಲಿಗೆ ಬಂದಾಗ ಮೌನವ್ರತದಲ್ಲಿರುತ್ತಾರೆ. ಹಾಡು ಗೂಡು ಕಟ್ಟುವ ಊರಿನ ವ್ಯವಹಾರ, ಇಲ್ಲಿ ಏನಿದ್ದರೂ ‘ಇದು ನನ್ನ ಬೇಲಿ’ ಎನ್ನುವಷ್ಟು ಮಾತು. ದಾಸವಾಳದ ಬೇಲಿಯೊಳಗಿಂದ ಬೆಣಚುಕಲ್ಲು ಕುಟ್ಟಿದ ಹಾಗೆ ‘ಟಕ್, ಟಕ್’ ಕೇಳಿದರೆ ಅದು ಜೊಂಡು ಉಲಿಯಕ್ಕಿ. ಮಾವಿನ ತುದಿಯಲ್ಲಿ ‘ಚಿವೀ’ ಎಂದರೆ ಹಸಿರು ಉಲಿಯಕ್ಕಿ. ಅದರ ತೂಕ 7–8 ಗ್ರಾಂ, ಹೆಚ್ಚೆಂದರೆ ಒಂದು ಚಾಲಿ ಅಡಿಕೆಯಷ್ಟು.

ಬಾಲದಂಡೆಯ ಗಂಡನ್ನು ಕಂಡವರಿಗೆ ವಿವರಣೆ ಬೇಡ: ಬಿಳಿ ಮೈ, ಕಪ್ಪು ಜುಟ್ಟು, ಮೈಗಿಂತ ಉದ್ದದ ಎರಡು ರಿಬ್ಬನ್. ಕಾಣದವರು ಕಂದು ಬಣ್ಣದ ಹೆಣ್ಣನ್ನೂ ಎಳೆಯ ಗಂಡನ್ನೂ ಪಿಕಳಾರ ಎಂದು ಬಿಟ್ಟುಬಿಡುತ್ತಾರೆ. ಸಿಪಿಲೆಗಳಲ್ಲಿ ಎರಡು ಬಗೆ ಗಮನಿಸಬೇಕು. ತೋಡಿನ ಬದಿಯಲ್ಲಿ, ಒಮ್ಮೊಮ್ಮೆ ಅಂಗಳದ ಅಡಿಕೆಯ ಮೇಲೂ ಓಡಾಡುತ್ತ ಬಾಲವನ್ನು ಮೇಲೆ ಕೆಳಗೆ ಕುಣಿಸುವುದು ಬೂದು ಸಿಪಿಲೆ. ಅಡಿಕೆ ತೋಟದ ನೆರಳಿನಲ್ಲಿ ಬಾಲವನ್ನು ಎಡಕ್ಕೆ ಬಲಕ್ಕೆ ಆಡಿಸಿದರೆ ಅದು ಕಾಡು ಸಿಪಿಲೆ. ಹೀಗೆ ಅಡ್ಡಡ್ಡ ಆಡಿಸುವ ಸಿಪಿಲೆ ಅದೊಂದೇ.

ಇವರೆಲ್ಲರಿಗೂ ಒಂದೇ ಬಟ್ಟಲು ಸಲ್ಲುತ್ತದೆ: ನೀರಿನದ್ದು. ಆದರೆ ಅದರಲ್ಲೇ ಹೆಚ್ಚಿನವರು ತಪ್ಪುವುದು. ಹಳೆ ಬಕೆಟು, ಬಾಣಲೆ ಇಟ್ಟು ‘ಒಂದು ಹಕ್ಕಿಯೂ ಬರುವುದಿಲ್ಲ ಮಾರಾಯ್ರೆ’ ಎನ್ನುತ್ತಾರೆ. ಬೆರಳುದ್ದದ ಹಕ್ಕಿಗೆ ಬಕೆಟೆಂದರೆ ಬಾವಿ. ಒಂದೂವರೆ ಅಡಿ ಅಗಲದ, ಅಂಚಿನಲ್ಲಿ ಅರ್ಧ ಇಂಚು, ನಡುವಿನಲ್ಲಿ ಎರಡು ಇಂಚಿಗೆ ಮೀರದ ಮಣ್ಣಿನ ತಟ್ಟೆ ಬೇಕು. ಸ್ಟೀಲು ಕಾಲಿಗೆ ಜಾರುತ್ತದೆ, ಬಿಸಿಲಿಗೆ ಕಾಯುತ್ತದೆ. ಅಡಿಕೆ ಹಾಳೆಯ ಮೂಲೆ ಮಡಚಿ ಕಡ್ಡಿ ಚುಚ್ಚಿದರೂ ಆಗುತ್ತದೆ, ಆದರೆ ನಾಲ್ಕೈದು ದಿನಕ್ಕೆ ಲೋಳೆ ಕಟ್ಟುತ್ತದೆ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಪಾತ್ರೆಯನ್ನಂತೂ ಮುಟ್ಟಲೇಬಾರದು. 100 ಲೀಟರಿಗೆ 1 ಕಿಲೋ ಮೈಲುತುತ್ತು ಬಿದ್ದ ಡ್ರಮ್ಮಿನ ನೀಲಿಕಲೆ ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ತಟ್ಟೆಯ ನಡುವೆ ಒಂದು ಒರಟು ಮುರಕಲ್ಲಿನ ತುಂಡು ನೀರಿನಿಂದ ಮೇಲೆ ತಲೆಯೆತ್ತಿರಲಿ. ಬಂದವರು ಮೊದಲು ಅದರ ಮೇಲೆ ನಿಂತು ಆಳ ಅಳೆಯುತ್ತಾರೆ.

ಇಡುವ ಜಾಗ ಪೊದೆಯಿಂದ ಆರೇಳು ಅಡಿ ಆಚೆ. ಪೊದೆಯ ಬುಡದಲ್ಲೇ ಇಟ್ಟರೆ ಬೆಕ್ಕಿಗೆ ಅನುಕೂಲ, ಬಟ್ಟಬಯಲಲ್ಲಿ ಇಟ್ಟರೆ ಬಿಜ್ಜು ಎಂಬ ಬೇಟೆ ಹಕ್ಕಿಗೆ. ಒದ್ದೆ ರೆಕ್ಕೆಯ ಹಕ್ಕಿ ಒಂದೇ ನೆಗೆತಕ್ಕೆ ತಲುಪುವಷ್ಟು ಹತ್ತಿರ, ಬೆಕ್ಕು ಒಂದೇ ನೆಗೆತಕ್ಕೆ ತಲುಪದಷ್ಟು ದೂರ, ಅದು ಲೆಕ್ಕ.

ಇನ್ನು ಗುಟ್ಟು ಇರುವುದು ಸದ್ದಿನಲ್ಲಿ. ಸುಮ್ಮನೆ ನಿಂತ ನೀರನ್ನು ಹಾರುವ ಹಕ್ಕಿ ಗಮನಿಸದೆ ಹೋಗಬಹುದು, ಹನಿ ಬೀಳುವ ನೀರನ್ನು ಕೇಳಿಯೇ ಹುಡುಕಿಕೊಂಡು ಬರುತ್ತದೆ. ಎರಡು ಲೀಟರಿನ ಬಾಟಲಿಯ ತಳಕ್ಕೆ ಸೂಜಿಯಿಂದ ತೂತು ಮಾಡಿ ತಟ್ಟೆಯ ಮೇಲೆ ಮೂರಡಿ ಎತ್ತರಕ್ಕೆ ತೂಗುಹಾಕಿ. ಎರಡು ಸೆಕೆಂಡಿಗೊಂದು ಹನಿಯಾದರೆ ಹೆಚ್ಚುಕಮ್ಮಿ ಒಂದು ದಿನಕ್ಕೆ ಬರುತ್ತದೆ. ಮುಚ್ಚಳ ಬಿಗಿ ಮಾಡಿದರೆ ಗಾಳಿ ಒಳಗೆ ಹೋಗದೆ ಹನಿ ನಿಲ್ಲುತ್ತದೆ, ‘ತೂತು ಕಟ್ಟಿತು’ ಎಂದು ಮತ್ತೆ ಸೂಜಿ ಹಾಕಿ ದೊಡ್ಡದು ಮಾಡಿಕೊಳ್ಳುವುದು ಅಲ್ಲೇ. ತೋಟಕ್ಕೆ ಡ್ರಿಪ್ ಹಾಕಿದವರು ಒಂದು ಡ್ರಿಪ್ಪರನ್ನು ಈ ಕಡೆ ತಿರುಗಿಸಿದರೆ ಮುಗಿಯಿತು, ತುಂಬಿ ಹರಿದದ್ದು ಬಾಳೆಬುಡಕ್ಕೆ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಮದಕಕ್ಕೆ (ಕೆರೆಗೆ) ಬೀಳುವ ಮನೆಯವರಿಗೆ ಇದೂ ಬೇಡ, ದಂಡೆಯಲ್ಲಿ ಒಂದು ಚಪ್ಪಟೆ ಕಲ್ಲು ಹಾಸಿದರೆ ಸಾಕು.

ಪಕ್ಕದ ಮನೆಯವರ ಪ್ರಶ್ನೆ ಮಾತ್ರ ಗ್ಯಾರಂಟಿ. ‘ಎಂತ ಭಾವ, ಹಕ್ಕಿಗೆ ನೀರಿಟ್ಟದ್ದಾ, ಡೆಂಗ್ಯೂವಿಗಾ?’ ಪ್ರಶ್ನೆ ನ್ಯಾಯದ್ದೇ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಸೆಕೆಗೆ ಒಂದು ವಾರ, ಹತ್ತು ದಿನ ಸಾಕು. ದಿನಾ ಬೆಳಿಗ್ಗೆ ನೀರು ಚೆಲ್ಲಿ ಹೊಸದು ಹಾಕಬೇಕು, ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಅಂಚು ಉಜ್ಜಬೇಕು, ಯಾಕೆಂದರೆ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಗೆರೆಯ ಮೇಲೆ. ಉಜ್ಜಿ, ಅರ್ಧ ಗಂಟೆ ಬಿಸಿಲಿಗೆ ಕವಚಿಟ್ಟರೆ ಒಬ್ಬರ ರೋಗ ಇನ್ನೊಬ್ಬರಿಗೆ ದಾಟುವುದೂ ಕಡಿಮೆ. ಹೀಗೆ ಮಾಡಲಾಗದವರು ತಟ್ಟೆ ಇಡದಿರುವುದೇ ವಾಸಿ. ನೋಡಲು ಕೂರುವ ಹೊತ್ತು ಸಂಜೆ 5ರಿಂದ ಕತ್ತಲಾಗುವವರೆಗೆ. ಪಿಕಳಾರಗಳ ಗಲಾಟೆ ಮುಗಿದ ಮೇಲೆಯೇ ನೊಣಹಿಡುಕ, ಬಾಲದಂಡೆ, ಕಿತ್ತಳೆ ತಲೆಯ ಸಿಳ್ಳಾರದ ಸರದಿ.

ನೀರು ಕರೆದವರನ್ನು ನಿಲ್ಲಿಸಿಕೊಳ್ಳುವುದು ತರಗೆಲೆ. ಹಲಸು, ಮಾವು, ಪುನರ್ಪುಳಿಯ ನೆರಳಿನಲ್ಲಿ ಆರಡಿ ಉದ್ದ, ಮೂರಡಿ ಅಗಲ, ಗೇಣುದ್ದ ದಪ್ಪಕ್ಕೆ ಒಣ ಎಲೆ ಹರಡಿ, ಒಂದು ಅಂಚಿಗೆ ಮಾತ್ರ ಎರಡು ದಿನಕ್ಕೊಮ್ಮೆ ಒಂದು ಚೆಂಬು ನೀರು. ಒಣಗಿದ ಕಡೆ ಗೆದ್ದಲು, ಹಸಿ ಕಡೆ ಎರೆಹುಳ, ಶಂಖದ ಹುಳ, ಜೀರುಂಡೆಯ ಮರಿ. ಇದು ನವರಂಗನ ಊಟದ ಹಾಳೆ. ಕೊಕ್ಕಿನಿಂದ ಒಂದೊಂದೇ ಎಲೆ ಮಗುಚಿ ಎಸೆಯುತ್ತಾನೆ, ಯಾರೋ ಹಳೆಯ ಕಡತದಲ್ಲಿ ದಾಖಲೆ ಹುಡುಕುವ ಹಾಗೆ. ರಾಶಿ ಮನೆಯ ಗೋಡೆಗೆ ಒರಗಬಾರದು, ಗೆದ್ದಲು ಮಾಡಿನ ಪಕ್ಕಾಸಿಗೆ ಹತ್ತುತ್ತದೆ. 20 ಅಡಿ ದೂರವಿರಲಿ, ಕೈಹಾಕುವ ಮೊದಲು ಕೋಲು ಹಾಕಿ. ದೊಡ್ಡ ಅಡ್ಡಿ ದನದ ಹಟ್ಟಿಯಿಂದ ಬರುತ್ತದೆ: ಗೊಬ್ಬರಕ್ಕೆ ಇದೇ ಎಲೆ ಬೇಕು. ಜನವರಿಯಲ್ಲಿ ಯಾರೋ ಬುಟ್ಟಿ ತುಂಬಿ ಹೊತ್ತರೆ ನವರಂಗ ಮರುದಿನದಿಂದ ಇಲ್ಲ. ಅವನ ಪಾಲೆಂದು ಒಂದು ಮೂಲೆಯನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು. ವಿಷದ ಬಗ್ಗೆ ಇಲ್ಲಿ ಉಪದೇಶ ಅಧಿಕಪ್ರಸಂಗ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಎಣ್ಮಕಜೆಯವರಿಗೆ ಅದನ್ನು ಬೇರೆಯವರು ಹೇಳಬೇಕಾಗಿಲ್ಲ.

ಹಣ್ಣಿಡುವವರು ಅರ್ಧ ಸಿಪ್ಪೆ ಸುಲಿದ ಕದಳಿಯನ್ನು ಮೊಳೆಗೆ ಚುಚ್ಚಬಹುದು, ಪಪ್ಪಾಯಿಯಾದರೆ ಮರದಲ್ಲೇ ಒಂದು ಬಿಡಬಹುದು. ಪಿಕಳಾರ, ಕುಟ್ರು, ಅದೃಷ್ಟವಿದ್ದರೆ ಹೊನ್ನಕ್ಕಿ. ಚಗಳಿ (ಕೆಂಪಿರುವೆ) ಬಾರದಿರಲೆಂದು ತಂತಿಗೆ ಎಣ್ಣೆ ಹಚ್ಚಬೇಡಿ, ಗರಿಗೆ ಅಂಟಿದರೆ ಹೋಗುವುದಿಲ್ಲ. ಇದಕ್ಕಿಂತ ಪೊಂಗಾರೆ ಮರ ಮೇಲು. ಘಟ್ಟದ ಮೇಲಿನವರು ಹಾಲುವಾಣ ಎನ್ನುವ ಅದೇ ಮರ, ಚಳಿಗಾಲದ ಕೊನೆಗೆ ಎಲೆಯುದುರಿಸಿ ಕೆಂಪು ಹೂ ಬಿಟ್ಟಾಗ ಮಧ್ಯ ಏಷ್ಯಾದ ಗುಲಾಬಿ ಕಬ್ಬಕ್ಕಿಗಳೂ ಅದರಲ್ಲಿ ಸಂತೆ ನೆರೆಯುತ್ತವೆ. ಒಳ್ಳೆಮೆಣಸಿನ ಬಳ್ಳಿಗೆಂದು ಬೇಕಾದಷ್ಟು ನೆಟ್ಟಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಎಲೆಯಲ್ಲಿ ಗಂಟು ಕಟ್ಟುವ ಸಣ್ಣ ಕಣಜ ಬಂದು ಬಹಳಷ್ಟು ಮರ ಹೋದವು.

ಹೊಸ ಮನೆಗಳ ದೊಡ್ಡ ಗಾಜು ಇನ್ನೊಂದು ಪೇಚು. ಅಕ್ಟೋಬರ್, ನವೆಂಬರಿನಲ್ಲಿ ರಾತ್ರಿ ಹಾರಿ ಬಂದ ನವರಂಗ ಬೆಳಿಗ್ಗೆ ಜಗಲಿಯಲ್ಲಿ ಬಿದ್ದಿರುವುದುಂಟು. ಬಾಯಿಗೆ ನೀರು ಬಿಡಬೇಡಿ, ಶ್ವಾಸಕ್ಕೆ ಹೋಗುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಸಿ, ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಒಂದೆರಡು ಗಂಟೆ ಇಡಿ. ಒಳಗೆ ಪರಪರ ಸದ್ದಾದರೆ ತರಗೆಲೆಯ ಬಳಿ ಪೆಟ್ಟಿಗೆ ತೆರೆದು ಸರಿದು ನಿಲ್ಲಿ. ಚಂದವೆಂದು ಪಂಜರದಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯಿದೆ ಇದೆ. ಗಾಜಿನ ಹೊರಮೈಗೆ ಎರಡೆರಡು ಇಂಚಿಗೆ ಬಿಳಿ ಗೆರೆ ಎಳೆದರೆ ಡಿಕ್ಕಿ ಕಡಿಮೆಯಾಗುತ್ತದೆ. ಒಂದೇ ಒಂದು ಗಿಡುಗದ ಸ್ಟಿಕ್ಕರಿಗೆ ಹಕ್ಕಿಗಳು ಬೆದರುವುದಿಲ್ಲ.

ಏಪ್ರಿಲ್ ನಡುವಿನಲ್ಲಿ ಶುರುವಾಗುವ ತುಳುವರ ಪಗ್ಗು ತಿಂಗಳು ಹತ್ತಿರವಾದಾಗ ನವರಂಗನ ಸಂಜೆಯ ಶಿಳ್ಳೆ ಒಂದು ದಿನ ಕೇಳುವುದಿಲ್ಲ. ಬೇಲಿಯ ಜೊಂಡು ಉಲಿಯಕ್ಕಿ ಹೊರಡುವ ಮುಂಚೆ, ಆರೇಳು ತಿಂಗಳ ‘ಟಕ್ ಟಕ್’ ಬಿಟ್ಟು, ತಗ್ಗಿದ ದನಿಯಲ್ಲಿ ಸ್ವಲ್ಪ ಹಾಡಿ ನೋಡುತ್ತದೆ. ಕೇಳಬೇಕಾದವರು ಆಗ ಮೊದಲ ಮಳೆಗೆ ಮುಂಚೆ ಚಾಲಿ ಗೋಣಿಗೆ ತುಂಬುವ ಅವಸರದಲ್ಲಿರುತ್ತಾರೆ. ತಟ್ಟೆಯನ್ನು ತೆಗೆಯಬೇಡಿ, ಬಾವಿ ತಳ ಕಾಣುವ ಮೇ ತಿಂಗಳಲ್ಲಿ ಊರಿನ ಮಡಿವಾಳ ಹಕ್ಕಿಗೂ ಹರಟೆಮಲ್ಲರಿಗೂ ಅದು ಬೇಕು. ಮುಂಗಾರು ಹಿಡಿದ ಮೇಲೆ ತೊಳೆದು, ಒಣಗಿಸಿ, ಹಟ್ಟಿಯ ಅಟ್ಟದಲ್ಲಿ ಕವಚಿಡಿ.