ಸಲಿಂಗ ಸಂಬಂಧ ಅಪರಾಧವಲ್ಲ: ಮಲೆನಾಡಿನ ಯುವಜನರ ಕುರಿತ ಸಂದೇಶಕ್ಕೆ ಸ್ಪಷ್ಟನೆ

ಮಣ್ಣನ್ನು ಉಳಿಸುವ, ದನಕರುಗಳನ್ನು ಹಿಂಸಿಸದ ಕೃಷಿಯ ಜೊತೆಗೆ ಲೈಂಗಿಕ ಅಲ್ಪಸಂಖ್ಯಾತರ ಘನತೆಯ ಬಗ್ಗೆಯೂ ಮಾತನಾಡುತ್ತಿರುವ ತೀರ್ಥಹಳ್ಳಿ, ಸಾಗರದ ಕಡೆಯ ಯುವಜನರು ಕಾನೂನುಬಾಹಿರ ಸಂಬಂಧಗಳನ್ನೂ ಪರದೇಶದ ವಿಚಾರಗಳನ್ನೂ ಹರಡುತ್ತಿದ್ದಾರೆ ಎಂಬ ವಾಟ್ಸಾಪ್ ಸಂದೇಶ ತಪ್ಪು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ತೀರ್ಪು ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ, ಇಂಥ ಸಂಬಂಧವನ್ನು ಅಪರಾಧವೆನ್ನಲು ಬಳಸುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಮೇ ಇಲ್ಲ. ಸಲಿಂಗ ವಿವಾಹಕ್ಕೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮಾನ್ಯತೆ ದೊರೆಯಲಿಲ್ಲ ಎಂಬುದು ನಿಜವಾದರೂ, ಮಾನ್ಯತೆ ಇಲ್ಲದ ಮಾತ್ರಕ್ಕೆ ಜೊತೆಗಿರುವುದು ಅಪರಾಧವಾಗುವುದಿಲ್ಲ. ಇನ್ನು ಪರದೇಶದ ಮಾತು: ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಕಲಾವಿದೆ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ನಾಡಿದು; ಹಾಗೆಯೇ ಮಲೆನಾಡು ಗಿಡ್ಡ ದನಗಳ ಕೊಟ್ಟಿಗೆ ಗೊಬ್ಬರವನ್ನೂ ಬೆಟ್ಟದ ಸೊಪ್ಪನ್ನೂ ಅಡಿಕೆ ತೋಟಕ್ಕೆ ಹಾಕುವುದು ನಮ್ಮ ಹಿರಿಯರದೇ ಪದ್ಧತಿ. ಈ ಮಕ್ಕಳನ್ನು ಅಪರಾಧಿಗಳೆಂದು ಕರೆಯುವ ಆ ಸಂದೇಶವನ್ನು ದಯವಿಟ್ಟು ಯಾರೂ ಮುಂದಕ್ಕೆ ಕಳುಹಿಸಬೇಡಿ.